ಫಾಲೋ ಅಪ್ ನಿಯಮಾವಳಿ ಮತ್ತು ಒಂದು ನಲ್ಲಿ

ನೀರು ಸರಬರಾಜು ಕಚೇರಿಯಲ್ಲಿ ‘ಫಾಲೋ ಅಪ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥವನ್ನು ಅಧಿಕೃತವಾಗಿ ನಿಗದಿಪಡಿಸಲಾಗಿದೆ. ಸಾರ್ವಜನಿಕರು ಮಾಡಿದರೆ, ಕಚೇರಿಗೆ ಬಂದು ಕೇಳುವುದು. ಗುಮಾಸ್ತರು ಮಾಡಿದರೆ, ಬಂದವರ ಹೆಸರು ಬರೆದುಕೊಳ್ಳುವುದು. ಸಾಹೇಬರು ಮಾಡಿದರೆ, ಬರೆದುಕೊಂಡಿರಾ ಎಂದು ವಿಚಾರಿಸುವುದು. ರಿಪೇರಿ ಎಂಬ ಅರ್ಥ ಯಾವ ನಿಘಂಟಿನಲ್ಲೂ ಸಿಗದ ಕಾರಣ ಅದನ್ನು ಕೈಬಿಡಲಾಗಿದೆ.

ಅರ್ಥ ನಿಗದಿಯಾದ ವಾರವೇ ಹೊಲಿಗೆ ಕೆಲಸದ ಹೆಂಗಸೊಬ್ಬಳು ಮನೆಯ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಅರ್ಜಿ ಕೊಟ್ಟಳು. ಮಂಡಿನೋವಿನ ಅತ್ತೆ ಎರಡು ಬೀದಿ ಆಚೆಯಿಂದ ಕೊಡ ಹೊತ್ತು ತರುತ್ತಿದ್ದರು. ಕೇಳಿ ಗುಮಾಸ್ತರ ಕರುಳು ಚುರುಕ್ ಎಂದಿತು. ಆದರೆ ಅದನ್ನು ನಮೂದಿಸಲು ಅರ್ಜಿಯಲ್ಲಿ ಕಾಲಂ ಇರಲಿಲ್ಲ. ಹದಿನೈದು ದಿನಕ್ಕೊಂದರಂತೆ ಆರು ಫಾಲೋ ಅಪ್ ಆದ ಮೇಲಷ್ಟೇ ಕಡತ ಮುಂದೆ ಹೋಗುತ್ತದೆಂದು ತಿಳಿಸಿ, ಕೂರಲು ಕುರ್ಚಿ ಕೊಟ್ಟರು.

ಅವಳು ಒಂದು ಸಲವೂ ತಪ್ಪಿಸಲಿಲ್ಲ. ಮೂರನೆಯದು ಮುಗಿದ ಮರುದಿನ ಅನಾಹುತವಾಯಿತು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಪೈಪಿನವನೊಬ್ಬ ದಾರಿಯಲ್ಲಿ ಕೊಡ ಹೊತ್ತ ಅತ್ತೆಯನ್ನು ಕಂಡು, ಹಿಂದೆ ಮುಂದೆ ನೋಡದೆ ಅವರ ಮನೆಯ ಪೈಪು ಬಿಚ್ಚಿ, ನಿಂಬೆಹಣ್ಣಿನಷ್ಟು ತುಕ್ಕಿನ ಗಂಟು ಹೊರತೆಗೆದ. ಹತ್ತೇ ನಿಮಿಷ. ನೀರು ಬಂತು. ಪ್ರಾಮಾಣಿಕ ಮನುಷ್ಯ, ಆ ಗಂಟನ್ನು ತಂದು ಕಚೇರಿಗೆ ಒಪ್ಪಿಸಿದ.

ಸಾಹೇಬರು ಅವಳನ್ನು ಕರೆಸಿದರು. ದನಿ ಏರಿಸಲಿಲ್ಲ.

“ನೋಡಮ್ಮ, ಮೂರು ಫಾಲೋ ಅಪ್ ಬಾಕಿ ಇರುವಾಗಲೇ ನೀರು ಬಂದುಬಿಟ್ಟಿದೆ.”

“ನೀರಿದ್ರೂ ಬರ್ತೀನಿ ಸಾರ್. ಇನ್ನು ಮೂರು ಸಲ ತಾನೆ.”

“ಬಂದು ಏನಂತ ಕೇಳ್ತೀರಿ?”

ಸುಳ್ಳು ಕೇಳುವ ಅಭ್ಯಾಸ ಅವಳಿಗಿರಲಿಲ್ಲ, ಸುಳ್ಳು ಬರೆದುಕೊಳ್ಳುವ ಅಭ್ಯಾಸ ತಮಗಿಲ್ಲವೆಂದು ಗುಮಾಸ್ತರೂ ಹೇಳಿದರು. ಉಳಿದ ಮೂರು ಫಾಲೋ ಅಪ್‌ಗಳ ಮಟ್ಟಿಗೆ ನಲ್ಲಿಯನ್ನು ಯಥಾಸ್ಥಿತಿಗೆ ತರತಕ್ಕದ್ದೆಂದು ಆದೇಶವಾಯಿತು. ಬಿಂದಿಗೆ ಬಕೆಟ್ಟು ತುಂಬಿಸಿಕೊಳ್ಳಲು ಒಂದು ದಿನ ಕಾಲಾವಕಾಶ ಕೊಟ್ಟದ್ದಕ್ಕೆ ಅವಳು ಕೈಮುಗಿದಳು. ಇಂಥ ಕಚೇರಿ ಇನ್ನೆಲ್ಲಿ ಸಿಗುತ್ತದೆಂದು ನೆರೆಯವರೂ ಮೆಚ್ಚಿಕೊಂಡರು.

ಪೈಪಿನವನು ಮುಖ ಸಪ್ಪಗೆ ಮಾಡಿಕೊಂಡು ಬಂದ. ಕಚೇರಿಯವರು ತುಕ್ಕಿನ ಗಂಟನ್ನು ಹಾಕಿ ಮೊಹರು ಮಾಡಿದ್ದ ಲಕೋಟೆ ಒಡೆದು, ಅದನ್ನು ಅದರ ಜಾಗದಲ್ಲೇ ಇಟ್ಟ. ಅತ್ತೆ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತು, ಸ್ಪ್ಯಾನರ್ ತಾವೇ ಎತ್ತಿಕೊಟ್ಟರು.

“ಬಿಗಿಯಾಗಿ ಕೂರಿಸಪ್ಪ,” ಎಂದರು. “ಒಂದು ತೊಟ್ಟು ಸೋರಿದ್ರೂ ಮತ್ತೆ ಒಂದರಿಂದ ಶುರು ಮಾಡಿಸ್ತಾರೆ.”