ಲಕ್ಷಕ್ಕೆ ಒಂಬತ್ತು ಕಡಿಮೆ

ನಮ್ಮ ಹಿತ್ತಲಲ್ಲಿ ಇಪ್ಪತ್ತಮೂರು ಹೂವಿನ ಗಿಡಗಳಿವೆ. ನಾನೇ ಎಣಿಸಿದ್ದೇನೆ. ಆದರೆ ಮೊನ್ನೆಯವರೆಗೆ ಬೆಳಗ್ಗೆ ಆರೂವರೆ ದಾಟಿದ ಮೇಲೆ ಬಂದು ನೋಡಿದ್ದರೆ ನಿಮಗೆ ಒಂದು ಹೂವೂ ಸಿಕ್ಕುತ್ತಿರಲಿಲ್ಲ. ಇಪ್ಪತ್ತಮೂರೂ ಗಿಡಗಳು ಆಗಷ್ಟೇ ಕ್ಷೌರ ಮುಗಿಸಿಕೊಂಡ ಉಪನಯನದ ವಟುಗಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಜೇನುನೊಣಗಳು ಬರುತ್ತಿದ್ದವು, ಎರಡು ಸುತ್ತು ಹಾಕುತ್ತಿದ್ದವು, ವಿಳಾಸ ತಪ್ಪಿತೇನೋ ಅಂದುಕೊಂಡು ಪಕ್ಕದ ಪುಷ್ಪಮ್ಮನವರ ಹಿತ್ತಲಿಗೆ ಹೋಗುತ್ತಿದ್ದವು.

ಹೂವಿಲ್ಲದಿದ್ದರೆ ನಿನಗೇನಯ್ಯಾ ಕಷ್ಟ ಅಂತ ನೀವು ಕೇಳಬಹುದು. ನಿಮಗೆ ಕ್ಯಾಮೆರಾ ಹುಚ್ಚು ಹಿಡಿದಿಲ್ಲ, ಅದಕ್ಕೇ ಕೇಳುತ್ತೀರಿ.

ಆ ಹುಚ್ಚು ಹಿಡಿಸಿದವನು ಭದ್ರಾವತಿಯ ಗಂಗಾಧರಪ್ಪ. ನನ್ನ ಜೊತೆ ಓದಿದವನು, ಈಗ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತೆ. ಕಾರ್ಖಾನೆಯ ದೊರೆಯೊಬ್ಬರು ಊರಿಗೆ ಹೊರಟಾಗ ಬಿಟ್ಟುಹೋದ ಒಂದು ಹಳೆಯ ಕ್ಯಾಮೆರಾವನ್ನು ಅವನು ಯುಗಾದಿ ಸಮಯದಲ್ಲಿ ನನಗೆ ದಾಟಿಸಿದ. ಮೂರು ಕಾಲಿನ ಸ್ಟ್ಯಾಂಡು, ಹಾರ್ಮೋನಿಯಂ ಹಾಗೆ ಹಿಗ್ಗಿ ಕುಗ್ಗುವ ಹೊಟ್ಟೆ, ಬೆನ್ನಿಗೆ ಒಂದು ಉಜ್ಜಿದ ಗಾಜು, ಮೇಲೆ ಹೊದೆಯುವುದಕ್ಕೆ ಕರಿ ಬಟ್ಟೆ. ಆ ಬಟ್ಟೆಯೊಳಗೆ ತಲೆ ತೂರಿಸಿದರೆ ಪ್ರಪಂಚವೆಲ್ಲ ತಲೆಕೆಳಗಾಗಿ ಕಾಣುತ್ತದೆ. (ಮದುವೆಯಾದವನಿಗೆ ಇದೇನೂ ಹೊಸದಲ್ಲ.)

ಕ್ಯಾಮೆರಾ ಜೊತೆಗೆ ಅವನು ಒಂದು ಇಂಗ್ಲಿಷ್ ಪತ್ರಿಕೆಯನ್ನೂ ತೋರಿಸಿದ. ಅದರಲ್ಲಿ ಒಂದು ಪುಟದ ತುಂಬ ಒಂದೇ ಒಂದು ಜೇನುನೊಣ. ಅದರ ಕಾಲಿನ ಮೇಲಿನ ರೋಮ, ರೋಮಕ್ಕೆ ಅಂಟಿದ ಹೂವಿನ ಪುಡಿ, ಎಲ್ಲಾ ಕಾಣುತ್ತಿತ್ತು. ನೋಡಿದೆನೋ ಇಲ್ಲವೋ, ಕೆಟ್ಟೆ. ಗಂಡುಹೆಣ್ಣನ್ನು ಕುರ್ಚಿಯ ಮೇಲೆ ಕೂರಿಸಿ, ಹಿಂದೆ ಬಣ್ಣದ ಪರದೆ ಇಳಿಬಿಟ್ಟು ಫೋಟೋ ತೆಗೆಯುವ ಸ್ಟುಡಿಯೋದವರ ಮೇಲೆ ನನಗೆ ಅಂದೇ ತಿರಸ್ಕಾರ ಹುಟ್ಟಿತು. ಮನುಷ್ಯರನ್ನು ಯಾರು ಬೇಕಾದರೂ ತೆಗೆಯುತ್ತಾರೆ. ನಾನು ಕೀಟಗಳ ಆಸ್ಥಾನ ಛಾಯಾಗ್ರಾಹಕನಾಗುವುದೆಂದು ಶಪಥ ಮಾಡಿದೆ.

ಶಪಥಕ್ಕೆ ಮೊದಲ ವಿಘ್ನ ಕ್ಯಾಮೆರಾದ್ದೇ. ನಾಲ್ಕು ಅಡಿಗಿಂತ ಹತ್ತಿರದ ವಸ್ತು ಅದಕ್ಕೆ ಕಾಣುವುದಿಲ್ಲ. ಮುಂದುಗಡೆ ಒಂದು ಭೂತಗನ್ನಡಿ ಕಟ್ಟಿದರೆ ಕಾಣುತ್ತದೆ ಅಂತ ಗಂಗಾಧರಪ್ಪ ಹೇಳಿಕೊಟ್ಟ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಭೂತಗನ್ನಡಿ, ನಮ್ಮ ತಂದೆ ಗಣಪಯ್ಯನವರದು. ಅವರು ಅದನ್ನು ಹಿಡಿದು ಪಂಚಾಂಗ ನೋಡುತ್ತಾರೆ. ನಾವಿರುವ ಸವಳಂಗ ರಸ್ತೆಯ ಅರ್ಧ ಮನೆಗಳಿಗೆ ಅವರು ಹೇಳಿದ್ದೇ ತಿಥಿ. ಮೊದಮೊದಲು ಬೆಳಗ್ಗೆ ನನಗೆ, ಆಮೇಲೆ ಅವರಿಗೆ ಅಂತ ಹಂಚಿಕೊಂಡಿದ್ದೆವು. ದಸರಾ ಕಳೆದ ಮೇಲೆ, ದಿನಾ ಬಿಚ್ಚಿ ಕಟ್ಟಿದರೆ ನೋಟ ಕದಲುತ್ತದೆ ಅಂತ ನಾನು ಅದನ್ನು ಮೇಣ ಹಾಕಿ, ದಾರ ಸುತ್ತಿ, ಭದ್ರ ಮಾಡಿಬಿಟ್ಟೆ. ಅವರು ಕೇಳಿದಾಗಲೆಲ್ಲ ನಾಳೆ ಕೊಡುತ್ತೇನೆ ಅಂದೆ. ನಾನೇ ಪಂಚಾಂಗ ಓದಿ ಹೇಳುತ್ತೇನೆ ಅಂದರೆ, ಕಚೇರಿ ಕಾಗದ ಓದುವವನು ಪಂಚಾಂಗ ಓದುತ್ತಾನಂತೆ ಅಂತ ಗೊಣಗಿ, ಬರಿಗಣ್ಣಲ್ಲೇ ಓದತೊಡಗಿದರು. ಅದರ ಫಲವಾಗಿ ನಮ್ಮ ಮನೆಯಲ್ಲಿ ಆ ಪಕ್ಷ ಏಕಾದಶಿ ಎರಡು ದಿನ ಸಾಲಾಗಿ ಬಂತು. ಎರಡು ದಿನವೂ ಉಪವಾಸ. ಹಸಿವಿನಲ್ಲಿ ನಾನು ತೆಗೆದ ಮಿಡತೆಯ ಫೋಟೋದಲ್ಲಿ ಮಿಡತೆಯ ಒಂದು ಕಾಲು ಮಾತ್ರ ಬಂತು, ಉಳಿದದ್ದು ನೆಗೆದಿತ್ತು.

ಎರಡನೆಯ ವಿಘ್ನ ನನ್ನ ಧರ್ಮಪತ್ನಿ ಸತ್ಯಭಾಮ.

ಆಷಾಢ ಏಕಾದಶಿಯ ದಿನ ಅವಳು ಲಕ್ಷ ಹೂವಿನ ವ್ರತ ಹಿಡಿದಳು. ಕಾರ್ತಿಕದ ಉತ್ಥಾನ ದ್ವಾದಶಿಯೊಳಗೆ, ಅಂದರೆ ನಾಲ್ಕು ತಿಂಗಳಲ್ಲಿ, ದೇವರ ತಲೆಯ ಮೇಲೆ ಎಣಿಸಿ ಒಂದು ಲಕ್ಷ ಹೂವು ಏರಿಸಬೇಕು. ನೂರು ಹೂವಿಗೆ ಒಂದು ಹುಣಿಸೆ ಬೀಜದಂತೆ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಹಾಕುತ್ತಾ ಹೋಗುವುದು ಅವಳ ಲೆಕ್ಕ. ಯಾತಕ್ಕೆ ಈ ವ್ರತ ಅಂತ ಕೇಳಿದೆ. ಹರಕೆಯನ್ನು ಮುಂಚೆ ಬಾಯಿಬಿಟ್ಟರೆ ಫಲವಿಲ್ಲ, ನಿಮ್ಮ ಒಳ್ಳೆಯದಕ್ಕೇ ಅಂದುಕೊಳ್ಳಿ ಅಂದಳು. ನಾನು ಅಂದುಕೊಂಡೆ. ಕಚೇರಿಯಲ್ಲಿ ಹೆಡ್ ಗುಮಾಸ್ತೆಯ ಕುರ್ಚಿ ಆಗ ಖಾಲಿಯಾಗಿತ್ತು. ಶಿರಸ್ತೇದಾರ್ ಭೈರಪ್ಪನವರು ಅದನ್ನು ಯಾರಿಗೂ ಕೊಡದೆ, ಅದರ ಮೇಲೆ ತಮ್ಮ ರುಮಾಲು ಇಟ್ಟುಕೊಳ್ಳುತ್ತಿದ್ದರು. ಒಂದು ಲಕ್ಷ ಹೂವು ಬಿದ್ದರೆ ರುಮಾಲು ಎದ್ದೀತು ಅಂತ ನನಗೂ ಆಸೆ.

ಆದರೆ ಜೇನುನೊಣ ಬರುವುದು ಬಿಸಿಲೇರಿದ ಮೇಲೆ. ಸತ್ಯಭಾಮ ಬರುವುದು ಕಾಗೆ ಕೂಗುವ ಮೊದಲು. ನಡುವೆ ನಾನು, ಕರಿ ಬಟ್ಟೆ ಹೊದ್ದುಕೊಂಡು. ತರಿಸಿದ್ದು ಒಂದು ಡಜನ್ ಗಾಜಿನ ಪ್ಲೇಟು, ಒಂದಕ್ಕೆ ಒಂದೇ ಫೋಟೋ. ಒಂದು ಪ್ಲೇಟಿಗೆ ಬೆಳಕು ಸಾಕಾಗಬೇಕಾದರೆ, ಕೀಟ ಮಹಾಶಯರು ನಾಲ್ಕು ಎಣಿಸುವ ತನಕ ಅಲ್ಲಾಡಬಾರದು. ಯಾವ ಕೀಟವೂ ಒಪ್ಪಲಿಲ್ಲ. ಹನ್ನೊಂದು ಪ್ಲೇಟು ಹಾಳಾದವು. ದುಂಬಿಯ ಫೋಟೋ ನೋಡಿ ಗಂಗಾಧರಪ್ಪ, ನಮ್ಮ ಕಾರ್ಖಾನೆ ಚಿಮಣಿಯ ಹೊಗೆ ಚೆನ್ನಾಗಿ ಬಂದಿದೆ ಅಂದ.

ಅಷ್ಟಕ್ಕೇ ಸುಮ್ಮನಿದ್ದರೆ ಅವನು ಗಂಗಾಧರಪ್ಪನೇ ಅಲ್ಲ. ಕಾರ್ತಿಕದಲ್ಲಿ ಭದ್ರಾವತಿಯ ಕ್ಲಬ್ಬಿನವರು ಹೂವಿನ ಪ್ರದರ್ಶನ ಇಟ್ಟಿದ್ದಾರೆ, ಮನೆಯ ತೋಟದ ಹೂವು ಮತ್ತು ಅಲ್ಲಿಯ ಒಂದು ಜೀವಿ, ಎರಡೂ ಕೂಡಿರುವ ಒಳ್ಳೆಯ ಫೋಟೋಕ್ಕೆ ಬೆಳ್ಳಿ ಲೋಟ ಅಂತ ಸುದ್ದಿ ತಂದ. ಹೆಸರು ಕೊಡಲು ನಾನು ಭದ್ರಾವತಿಗೆ ಹೋದಾಗ ಕಾರ್ಖಾನೆ ಮಂದಿಯ ಎದುರಿಗೇ ಹೇಳಿದ:

"ನೀನು ಆ ಲೋಟ ಗೆದ್ರೆ ನನ್ನ ಮೀಸೆ ಬೋಳಿಸ್ತೀನಿ ಮಾರಾಯ. ನಿನ್ನ ಕ್ಷೌರದ ಕತ್ತೀಲೇ."

ಅವನ ಮೀಸೆಯನ್ನು ನೀವು ನೋಡಿಲ್ಲ. ಎರಡು ಕಡೆಯೂ ನಿಂಬೆಹಣ್ಣು ನಿಲ್ಲುತ್ತದೆ. ಆ ಮೀಸೆ ಉದುರುವುದನ್ನು ನೋಡದೆ ನಾನು ಸಾಯಲಾರೆ ಅನ್ನಿಸಿತು.

ಮನೆಗೆ ಬಂದು ಸತ್ಯಭಾಮಳ ಹತ್ತಿರ ಸಂಧಾನಕ್ಕೆ ಕೂತೆ. ಎರಡು ದಿನ ಮಾತುಕತೆ ನಡೆದು ಒಪ್ಪಂದವಾಯಿತು. ಬಚ್ಚಲ ಪಕ್ಕದ ಕಣಗಿಲೆ ಗಿಡದಲ್ಲಿ, ಪೂರ್ವಕ್ಕೆ ಬಾಗಿದ ಒಂದು ಕೊಂಬೆ ನನ್ನದು. ಅದರ ಹೂವನ್ನು ಅವಳು ಮುಟ್ಟುವಂತಿಲ್ಲ. ಪ್ರತಿಯಾಗಿ ನಾನು ದಿನಾ ಒಂದು ಬುಟ್ಟಿ ಪಾರಿಜಾತ ಆಯ್ದು ಕೊಡಬೇಕು. (ಗೆದ್ದವರು ಯಾರು ಅಂತ ನನ್ನ ಸೊಂಟವನ್ನು ಕೇಳಿ.)

ಆ ಕೊಂಬೆ ನನಗೆ ಯಾಕೆ ಬೇಕಾಗಿತ್ತು ಅಂದರೆ, ಅದರ ಒಂದು ಎಲೆಯ ಕೆಳಗೆ ಚಿಟ್ಟೆಯ ಗೂಡು ತೂಗುತ್ತಿತ್ತು. ಥಳಥಳ ಹೊಳೆಯುವ ಬೆಳ್ಳಿಯ ಲೋಲಕಿನಂಥ ಗೂಡು. ಇಣುಕಿದರೆ ನನ್ನ ಮುಖವೇ ಕಾಣುತ್ತಿತ್ತು. ಗೂಡಿನಿಂದ ಈಚೆ ಬಂದ ಚಿಟ್ಟೆ ರೆಕ್ಕೆ ಒಣಗುವ ತನಕ, ಒಂದು ಗಂಟೆ, ಅಲ್ಲಾಡದೆ ತೂಗುತ್ತದೆ ಅಂತ ಆ ಪತ್ರಿಕೆಯಲ್ಲೇ ಓದಿದ್ದೆ. ನಾಲ್ಕು ಎಣಿಸುವುದಿರಲಿ, ನಾನು ಸಹಸ್ರನಾಮ ಮುಗಿಸಿದರೂ ಅದು ಕದಲುವುದಿಲ್ಲ. ಗೂಡಿನ ಪಕ್ಕದಲ್ಲೇ ಒಂದು ಗೊಂಚಲು ಕಣಗಿಲೆ. ಹೂವು, ಚಿಟ್ಟೆ, ಉಳಿದ ಒಂದು ಪ್ಲೇಟು, ಮೀಸೆ. ಎಲ್ಲಾ ಕೂಡಿ ಬಂದಿತ್ತು.

ಒಂದು ಸಂಜೆ ಗೂಡು ಕಪ್ಪಾಯಿತು. ಒಳಗೆ ಮಡಿಸಿಟ್ಟ ರೆಕ್ಕೆಯ ಬಿಳಿ ಚುಕ್ಕೆಗಳು ಕಂಡವು. ನಾಳೆ ಬೆಳಗ್ಗೆ ಹೆರಿಗೆ ಖಂಡಿತ. ಬಚ್ಚಲ ಮಾಡಿನ ನೆರಳು ಸರಿದು ಕೊಂಬೆಗೆ ಬಿಸಿಲು ಬರುವುದು ಒಂಬತ್ತಕ್ಕೆ. ನಾನು ಸ್ಟ್ಯಾಂಡನ್ನು ಆಗಲೇ ನಿಲ್ಲಿಸಿ, ಮಂಜು ತಾಗದ ಹಾಗೆ ಗೋಣಿತಾಟು ಹೊದಿಸಿದೆ.

ಅದೇ ಸಂಜೆ ನಮ್ಮ ತಂದೆ ಪಂಚಾಂಗವನ್ನು ಮೂಗಿಗೆ ಒತ್ತಿಕೊಂಡು ಓದಿ, ನಾಳೆಯೇ ದ್ವಾದಶಿ, ಎಂಟೂವರೆಯೊಳಗೆ ಪೂಜೆ ಮುಗಿದು ಪಾರಣೆ ಆಗಬೇಕು, ಆಮೇಲೆ ತ್ರಯೋದಶಿ ಬಂದುಬಿಡುತ್ತದೆ ಅಂತ ತೀರ್ಪು ಕೊಟ್ಟರು. ಸತ್ಯಭಾಮ ಹುಣಿಸೆ ಬೀಜದ ಡಬ್ಬಿ ತೆಗೆದು ಎಣಿಸಿದಳು. ನಾಡಿದ್ದು ಅಂದುಕೊಂಡಿದ್ದಳು, ಇನ್ನೂ ಎರಡು ದಿನದ ಪಾಲು, ಸಾವಿರದ ಆರುನೂರು ಹೂವು ಬಾಕಿ. ಪುಷ್ಪಮ್ಮನವರು ಬೇಲಿಯಾಚೆಯಿಂದ, ನಮ್ಮನೆಯವರು ನಾಡಿದ್ದು ಅಂತಾರಲ್ಲ ಅಂದರು. ಒಬ್ಬೊಬ್ಬರ ಪಂಚಾಂಗದಲ್ಲಿ ಒಂದು ದಿನ ಆಚೀಚೆ ಇದ್ದದ್ದೇ ಅಂತ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಗಾಗುವ ಮೊದಲೇ ನಮ್ಮ ದಂಡಯಾತ್ರೆ ಹೊರಟಿತು. ನಮ್ಮ ಇಪ್ಪತ್ತೆರಡೂ ಮುಕ್ಕಾಲು ಗಿಡ ಬೋಳಾಯಿತು. ಪುಷ್ಪಮ್ಮನವರ ಹಿತ್ತಲು ಬೋಳಾಯಿತು. ನಾನು ಪಂಚೆ ಎತ್ತಿಕಟ್ಟಿ ಸವಳಂಗ ರಸ್ತೆಯ ಬದಿಯಲ್ಲಿ ಮೊಣಕಾಲೂರಿ ತುಂಬೆ ಹೂವು ಕೀಳುತ್ತಿದ್ದಾಗ ಶಿರಸ್ತೇದಾರ್ ಭೈರಪ್ಪನವರು ವಾಕಿಂಗ್ ಬಂದರು. ಏನು ಶಿವರಾಮ್, ಮೇವಾ ಅಂತ ಕೇಳಿ ಮುಂದೆ ಹೋದರು.

ಎಂಟು ಗಂಟೆ ಹೊಡೆಯಿತು. ಹುಣಿಸೆ ಬೀಜದ ಮೊದಲ ಡಬ್ಬಿಯಲ್ಲಿ ಇನ್ನೂ ಒಂದು ಬೀಜ. ಬಾಳೆ ಎಲೆಯ ಮೇಲೆ ಹೂವು ಖಾಲಿ. ಸತ್ಯಭಾಮ ಕೈಕಟ್ಟಿ ಕೂತಿದ್ದಳು.

"ಎಷ್ಟು ಕಮ್ಮಿ?" ಅಂದೆ.

"ಒಂಬತ್ತು."

"ತೊಂಬತ್ತೊಂಬತ್ತು ಸಾವಿರದ ಚಿಲ್ಲರೆ ಕೊಟ್ಟಿದ್ದೀಯ. ಒಂಬತ್ತಕ್ಕೆ ದೇವರು ಮುನಿಸ್ಕೋತಾನಾ?"

"ಇದೇನು ನಿಮ್ಮ ಕಚೇರಿ ಅನ್ಕೊಂಡ್ರಾ, ಆದಷ್ಟು ಆಯ್ತು ಅಂತ ಎದ್ದು ಹೋಗೋಕೆ?"

ನಾನು ತಿರುಗಿ ಕಿಟಕಿಯಿಂದ ನೋಡಿದೆ. ಇಡೀ ಹಿತ್ತಲಲ್ಲಿ ಬಣ್ಣ ಅಂತ ಉಳಿದದ್ದು ನನ್ನ ಕೊಂಬೆಯಲ್ಲಿ ಮಾತ್ರ. ಎಣಿಸುವುದು ಬೇಡವಾಗಿತ್ತು, ಆದರೂ ಎಣಿಸಿದೆ. ಸರಿಯಾಗಿ ಒಂಬತ್ತು. ಅವಳೂ ಆಗಲೇ ಎಣಿಸಿದ್ದಳು ಅಂತ ಕಣ್ಣು ಹೇಳುತ್ತಿತ್ತು.

"ನಾನು ಕೇಳಲ್ಲ ರೀ. ಒಪ್ಪಂದ ಅಂದ್ರೆ ಒಪ್ಪಂದ. ನಾಲ್ಕು ತಿಂಗಳು ನಿಮಗೋಸ್ಕರ ಮಾಡಿದ್ದು. ಒಂಬತ್ತು ಹೂವಲ್ಲಿ ನಿಂತ್ರೆ ನಿಂತ್ಕೊಳ್ಳಲಿ."

ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ. ಕೇಳುವುದಿಲ್ಲ ಅಂದಳಲ್ಲ, ಅಲ್ಲೇ ನನ್ನ ಕೋಟೆ ಬಿತ್ತು. ಒಂದು ಕಡೆ ಗಂಗಾಧರಪ್ಪನ ಮೀಸೆ, ಇನ್ನೊಂದು ಕಡೆ ಭೈರಪ್ಪನವರ ರುಮಾಲು. ಮೀಸೆ ಮತ್ತೆ ಬೆಳೆಯುತ್ತದೆ, ಕುರ್ಚಿ ಮತ್ತೆ ಖಾಲಿಯಾಗುವುದಿಲ್ಲ ಅಂತ ತರ್ಕ ಮಾಡಿ, ಹೋಗಿ, ನನ್ನ ಕೈಯಾರೆ ಒಂಬತ್ತೂ ಹೂವು ಬಿಡಿಸಿ ತಂದೆ. ಒಂದೊಂದಾಗಿ ಏರಿಸಿದಳು. ಕೊನೆಯ ಬೀಜ ಡಬ್ಬಿಗೆ ಬಿತ್ತು. ಎಂಟೂಕಾಲು.

ಒಂಬತ್ತಕ್ಕೆ ಸರಿಯಾಗಿ ಬಿಸಿಲು ಬಂತು, ಚಿಟ್ಟೆಯೂ ಬಂತು. ಬೋಳು ಕೊಂಬೆಯಲ್ಲಿ ಒಂದು ಗಂಟೆ ನೆಮ್ಮದಿಯಾಗಿ ತೂಗಿತು. ಅಷ್ಟು ಹೊತ್ತು ಅಲ್ಲಾಡದೆ ಕೂತ ಜೀವಿಯನ್ನು ನಾನು ನಮ್ಮ ಕಚೇರಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಕರಿ ಬಟ್ಟೆಯೊಳಗಿಂದ ನೋಡಿದೆ. ತಲೆಕೆಳಗಾದ ಚಿಟ್ಟೆ, ತಲೆಕೆಳಗಾದ ಎಲೆ, ಹೂವು ಮಾತ್ರ ಇಲ್ಲ. ಹೂವಿಲ್ಲದ ಫೋಟೋಕ್ಕೆ ಲೋಟವಿಲ್ಲ. ರೆಕ್ಕೆ ಒಣಗಿತು, ಹಾರಿಹೋಯಿತು, ಪುಷ್ಪಮ್ಮನವರ ಕಡೆಗೇ.

ಸಿಟ್ಟಿನಲ್ಲಿ ದಾರ ಕಿತ್ತು, ಮೇಣ ಕೆರೆದು, ಭೂತಗನ್ನಡಿಯನ್ನು ತಂದೆಯವರ ಕೈಗೆ ಕೊಟ್ಟೆ. ಇನ್ನು ಇದರ ಸಹವಾಸ ನನಗೆ ಬೇಡ ಅಂದೆ. ಅವರು ಸಂತೋಷದಿಂದ ಕನ್ನಡಿ ಒರೆಸಿ, ಹಬ್ಬದ ದಿನವಲ್ಲವೇ ಅಂತ ಪಂಚಾಂಗ ಬಿಡಿಸಿದರು. ಒಂದೇ ಸಾಲನ್ನು ಬೆರಳಿಟ್ಟು ಎರಡೆರಡು ಸಲ ಓದಿದರು.

"ಲೋ ಶಿವರಾಮ, ದ್ವಾದಶಿ ನಾಳೆ ಕಣೋ" ಅಂದರು.

ಕನ್ನಡಿ ಅವರ ಹತ್ತಿರವೇ ಇದ್ದಿದ್ದರೆ ನಾಳೆ ಬೆಳಗ್ಗೆ ಪಾರಿಜಾತವೇ ಆ ಒಂಬತ್ತನ್ನು ತುಂಬುತ್ತಿತ್ತು. ಹೋಗಲಿ, ವ್ರತ ಮುಗಿಯಿತಲ್ಲ, ಇನ್ನಾದರೂ ಹೇಳು, ಹೆಡ್ ಗುಮಾಸ್ತೆ ಯಾವಾಗ ಆಗುತ್ತೇನೆ ಅಂತ ಸತ್ಯಭಾಮಳನ್ನು ಕೇಳಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಅದಕ್ಕೆ ಲಕ್ಷ ಎಲ್ಲಿ ಸಾಲತ್ತೆ ರೀ, ಕೋಟಿ ಬೇಕು. ಆ ಕರಿ ಬಟ್ಟೆಯಿಂದ ಇವರ ತಲೆ ಈಚೆ ಬರ್ಲಿ, ಮಾವನೋರ ಕನ್ನಡಿ ಪೂರ್ತಿ ಮಾವನೋರಿಗೇ ಸೇರ್ಲಿ ಅಂತ ಬೇಡ್ಕೊಂಡಿದ್ದೆ, ಅಷ್ಟೇ."

ತಿಥಿ ತಪ್ಪಾಗಿದೆ, ಈ ವ್ರತ ಸಿಂಧುವಲ್ಲ ಅಂತ ನಾನು ಕಾನೂನು ಎತ್ತಿದೆ. ಅವಳು ತಂದೆಯವರ ಕೈ ತೋರಿಸಿದಳು. ಕನ್ನಡಿ ಅಲ್ಲಿತ್ತು.

ಈಗ ನಮ್ಮ ಹಿತ್ತಲಲ್ಲಿ ಹೂವು ಕೇಳುವವರಿಲ್ಲ. ಇಪ್ಪತ್ತಮೂರು ಗಿಡವೂ ಮೈತುಂಬ ಅರಳಿ, ನಾನು ಕಚೇರಿಗೆ ಹೊರಡುವ ಹೊತ್ತಿಗೆ ಜೇನುನೊಣಗಳ ಸಂತೆಯೇ ಸೇರುತ್ತದೆ. ನನ್ನ ಕ್ಯಾಮೆರಾಕ್ಕೆ ನಾಲ್ಕು ಅಡಿಯೊಳಗೆ ಕಣ್ಣು ಕಾಣುವುದಿಲ್ಲ. ಉಳಿದ ಒಂದು ಪ್ಲೇಟು ಕೆಡಬಾರದು ಅಂತ ಸತ್ಯಭಾಮಳನ್ನೇ ಕಣಗಿಲೆ ಗಿಡದ ಪಕ್ಕ ಕುರ್ಚಿ ಹಾಕಿ ಕೂರಿಸಿ, ಆರು ಅಡಿ ದೂರದಿಂದ ತೆಗೆದೆ. ನಾಲ್ಕು ಎಣಿಸುವ ತನಕ ಅವಳು ರೆಪ್ಪೆಯನ್ನೂ ಮಿಟುಕಿಸಲಿಲ್ಲ.

ಆ ಫೋಟೋ ಈಗ ಪಡಸಾಲೆಯಲ್ಲಿದೆ. ಮೊನ್ನೆ ಗಂಗಾಧರಪ್ಪ ಮೀಸೆ ಹುರಿ ಮಾಡುತ್ತಾ ಬಂದವನು ಅದರ ಮುಂದೆ ನಿಂತು, ಇದು ಯಾವ ಸ್ಟುಡಿಯೋದಲ್ಲಿ ತೆಗೆಸಿದ್ದು, ಎಷ್ಟು ಬಿತ್ತು ಅಂತ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಸತ್ಯಭಾಮ ಕಾಫಿ ಲೋಟ ಇಟ್ಟು ಹೇಳಿದಳು:

"ಒಂದು ಲಕ್ಷ ಹೂವು ಬಿತ್ತು ಗಂಗಾಧರಪ್ಪನೋರೇ. ಅದ್ರಲ್ಲಿ ಒಂಬತ್ತು ಇವರದೇ."