ಉಸಿರಿಲ್ಲದ ಶೋಕಿ ಪೈಪು

ನಮ್ಮ ಯಜಮಾನರ ತಲೆಯೊಳಗೆ ಮಿದುಳಿಲ್ಲ, ಪಿವಿಸಿ ಪೈಪಿದೆ! ಇದು ನನ್ನ ಮಾತಲ್ಲ, ಶಿಕಾರಿಪುರದ ನಮ್ಮ ಓಣಿಯ ಮಾತು. ನಾನು ಹೌದೆಂದು ತಲೆಯಾಡಿಸಿದ್ದೇನೆ, ಅಷ್ಟೇ.

ನಲ್ಲಿ ಜೋಡಿಸುವುದು ಅವರ ಕಸುಬು. ಒಮ್ಮೆ ಯಾವುದೋ ಊರಿನ ಹಳೆಯ ಚರ್ಚಿಗೆ ಕೆಲಸಕ್ಕೆ ಹೋದವರು ಅಲ್ಲಿಯ ಆರ್ಗನ್ ವಾದ್ಯ ನೋಡಿ ಹುಚ್ಚು ಹಿಡಿಸಿಕೊಂಡು ಬಂದರು. ಗೋಡೆಯಷ್ಟೆತ್ತರದ ಪೈಪುಗಳಂತೆ! ಅವಕ್ಕೆ ತಿದಿಯಿಂದ ಗಾಳಿಯಂತೆ! ಪೈಪು ಉದ್ದವಾದಷ್ಟೂ ದನಿ ದಪ್ಪವಂತೆ! ಒಂದು ಹಿಡಿಕೆ ಎಳೆದರೆ ಕೊಳಲಿನ ಸಾಲು, ಇನ್ನೊಂದು ಎಳೆದರೆ ಕಹಳೆಯ ಸಾಲಂತೆ!

"ಮುಂದಿರೋ ಕೆಲವು ಪೈಪು ಬರೀ ಶೋಕಿಗೆ ಕಣೇ. ಹೊಳೀತಾವೆ, ಉಸಿರೇ ಇಲ್ಲ."

"ನಿಮ್ಮ ತಮ್ಮಂದಿರ ಹಂಗೆ ಅನ್ನಿ," ಎಂದೆ.

ಮರುದಿನದಿಂದ ಹಿತ್ತಲಲ್ಲಿ ಗರಗಸದ ಸದ್ದು. ಕುಲುಮೆಯ ಹಳೆಯ ತಿದಿ ಬಂತು. ಹಿಡಿಕೆಯ ಬದಲು ನಲ್ಲಿಯ ವಾಲ್ವು. ಕೊಳಲು, ಕಹಳೆ ಇವರಿಗೇಕೆ? ಒಂದೊಂದು ಪೈಪಿಗೂ ಮನೆಯವರದೇ ದನಿ! ಎಲ್ಲಕ್ಕಿಂತ ಉದ್ದದ್ದು ತೀರಿಹೋದ ಮಾವನವರ ಕೆಮ್ಮು. ಇಂಪಾದದ್ದು ಸೊರಬಕ್ಕೆ ಕೊಟ್ಟ ನಮ್ಮ ಮಗಳು. ಕರ್ಕಶವಾದದ್ದು ಯಾರೆಂದು ಬಿಡಿಸಿ ಹೇಳಬೇಕೆ? ತಿದಿ ತುಳಿಯುವವಳೂ ಅವಳೇ! ಮೊದಲ ಸಲ ನುಡಿಸಿದಾಗ ಪಕ್ಕದ ಮನೆಯ ಎಮ್ಮೆ ಹಗ್ಗ ಹರಿದು ಓಡಿತು. ಈಸೂರಿನಿಂದ ಬಂದ ನೆಂಟರೊಬ್ಬರು ಸುತ್ತು ಹಾಕಿ ನೋಡಿ, "ಇದ್ರಾಗೆ ಎಷ್ಟು ಎಕರೆಗೆ ನೀರು ಬಿಡಬಹುದು ರೀ?" ಎಂದರು.

ಒಂದು ಪೈಪಿನ ವಾಲ್ವು ಮಾತ್ರ ಸದಾ ಬಂದ್.

"ಇದೂ ಶೋಕಿಗೇನ್ರೀ?"

"ಅದರ ದನಿ ಇನ್ನೂ ಮನೆಗೆ ಬಂದಿಲ್ಲ ಕಣೇ."

ಮದುವೆಯಾಗಿ ಎಷ್ಟೋ ವರ್ಷವಾದರೂ ಮಗಳ ಮಡಿಲು ತುಂಬಿರಲಿಲ್ಲ. ಆ ಮಾತನ್ನು ನಾವಿಬ್ಬರೂ ಆಡುತ್ತಿರಲಿಲ್ಲ.

ಈಗ ಕೇಳಿ! ಮೊನ್ನೆ ಮಗಳು ಆಸ್ಪತ್ರೆಯಿಂದ ಬಂದಳು, ತೋಳಲ್ಲಿ ತನ್ನದೇ ಮಗಳನ್ನೆತ್ತಿಕೊಂಡು! ಹೊಸಿಲು ದಾಟುತ್ತಲೇ ಕೂಸು ಮನೆ ಹಾರಿಹೋಗುವಂತೆ ಕಿರುಚಿತು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೇನೆ, ಅಜ್ಜ ಎಲ್ಲಿ? ಹಿತ್ತಲಲ್ಲಿ, ಗರಗಸ ಹಿಡಿದು! ಅಳುವಿಗೆ ಕಿವಿಗೊಟ್ಟು, ಬಂದ್ ಇಟ್ಟಿದ್ದ ಆ ಪೈಪಿನ ವಾಲ್ವು ತಿರುಗಿಸಿ, ಅದರಿಂದ ಬೆರಳಗಲ ಕೊಯ್ದರು.

"ಆರತಿ ಆಮೇಲೆ, ತುಳಿಯೇ!"

ತುಳಿದೆ. ದನಿ ಇನ್ನೂ ದಪ್ಪ. ಮತ್ತೊಂದು ತುಂಡು ಬಿತ್ತು, ಮತ್ತೊಂದು. ಕೊನೆಗೆ ಪೈಪೂ ಕೂಸೂ ಒಂದೇ ದನಿಯಲ್ಲಿ ಕೂಗಿದವು. ಕೂಸು ಗಕ್ಕನೆ ಅಳು ನಿಲ್ಲಿಸಿ ಕಣ್ಣರಳಿಸಿತು.

ಕೊಯ್ದ ತುಂಡುಗಳನ್ನು ಗುಡಿಸಲು ಹೋದೆ. ಯಜಮಾನರು ಪೊರಕೆ ಹಿಡಿದು ತಡೆದರು.

"ಎಸೀಬೇಡ ಮಾರಾಯ್ತಿ. ಬೆಳೀತಾ ಬೆಳೀತಾ ಅವಳ ದನಿ ಇಳೀತದಲ್ಲ, ಒಂದೊಂದೇ ತಿರುಗಿ ಜೋಡಿಸ್ಬೇಕು."

ಒಂದೊಂದನ್ನೂ ಸೆರಗಿನಲ್ಲಿ ಒರೆಸಿ, ಕೂಸಿನ ಉಡಿದಾರವಿಟ್ಟ ಪೆಟ್ಟಿಗೆಯಲ್ಲಿಟ್ಟೆ.