ಹನ್ನೆರಡರ ಮೇಲೆ ಹದಿನೈದು

ಎಲ್ಲಕ್ಕೂ ಕಾರಣ ಒಂದು ಪುಟ್ಟ ಡಬ್ಬಿ ಪ್ಲಮ್ ಗೊಜ್ಜು. ಸುಟ್ಟ ಬಾತುಕೋಳಿ ಕಟ್ಟಿಕೊಟ್ಟ ಅಂಗಡಿಯವನು ಗೊಜ್ಜು ಕೊಡುವುದನ್ನು ಮರೆತಿದ್ದ. ಟಿಮ್‌ಗೆ ಅದು ಗೊತ್ತಾದದ್ದು ಹತ್ತೂವರೆಗೆ, ಬಾತುಕೋಳಿಯನ್ನು ತಟ್ಟೆಗಿಟ್ಟ ಮೇಲೆ. ಹನ್ನೊಂದಕ್ಕೆ ಲೂಯಿ ಅಮ್ಮ ಬರುವವರಿದ್ದರು. ಹೆಣ್ಣು ಕೊಡುವ ಅತ್ತೆಯ ಮುಂದೆ ಗೊಜ್ಜಿಲ್ಲದ ಬಾತುಕೋಳಿ ಇಡುವುದುಂಟೆ? ರೇಡಿಯೋ ಆರಿಸುವುದಕ್ಕೂ ನಿಲ್ಲದೆ, ಬಾಗಿಲು ಎಳೆದುಕೊಂಡು ಕೆಳಗೆ ಓಡಿದ.

ಟಿಮ್ ಹಾಂಗ್‌ಕಾಂಗಿನ ನಾರ್ತ್ ಪಾಯಿಂಟಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ವಯಸ್ಸು ನಲವತ್ತರ ಹತ್ತಿರ. ಆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ಅವರ ಭಾಷೆಯಲ್ಲಿ ನಾಲ್ಕೆಂದರೂ ಸಾವೆಂದರೂ ಕಿವಿಗೆ ಒಂದೇ. ಯುಕ್-ಲಾನ್‌ಳನ್ನು ಅವನು ಐದು ವರ್ಷದಿಂದ ಪ್ರೀತಿಸುತ್ತಿದ್ದ. ಅವಳು ನಕ್ಕರೆ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೆಂದು ತಿಳಿಯುತ್ತಿರಲಿಲ್ಲ. ಅಡ್ಡ ನಿಂತದ್ದು ಅವಳ ತಾಯಿ. ಅವನ ಮೊದಲ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಲೂಯಿ ಅಮ್ಮ ಮೆಟ್ಟಿಲ ಬುಡದಿಂದಲೇ ಹಿಂದಿರುಗಿದ್ದರು. ಎರಡನೆಯದು ಏಳರಲ್ಲಿತ್ತು. ಆದರೆ ಅಲ್ಲಿಗೆ ಹೋಗುವ ಬಸ್ಸು ಹದಿನಾಲ್ಕು ನಂಬರಿನದು! ನಂಬರು ಕಂಡದ್ದೇ ನಡುದಾರಿಯಲ್ಲಿ ಇಳಿದು, ಸುಡುಬಿಸಿಲಲ್ಲಿ ನಡೆದೇ ತಮ್ಮ ಮನೆಗೆ ಹಿಂದಿರುಗಿ, ಒಂದು ವರ್ಷ ಮಾತು ಬಿಟ್ಟಿದ್ದರು.

ಈಗಿನದು ಮೂರನೇ ಮನೆ. ಈ ಕಟ್ಟಡದಲ್ಲಿ ಮೂರರ ಮೇಲೆ ಐದು, ಹನ್ನೆರಡರ ಮೇಲೆ ಹದಿನೈದು. ಕೆಟ್ಟ ಸಂಖ್ಯೆಗಳನ್ನೆಲ್ಲ ಕಟ್ಟಿದವನೇ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆದಿದ್ದ. ಟಿಮ್ ಮನೆ ಹದಿನೈದರಲ್ಲಿ. "ಹದಿನೈದಾ? ಬಂದು ನೋಡ್ತೀನಿ. ಮನಸ್ಸಿಗೆ ಬಂದ್ರೆ ಅಲ್ಲೇ ಮಾತು ಕೊಡ್ತೀನಿ" ಎಂದಿದ್ದರು ಲೂಯಿ ಅಮ್ಮ. ಈ ಸಲ ತಪ್ಪಿದರೆ ಮಗಳನ್ನು ಮಕಾವಿನ ಅಕ್ಕಿ ವ್ಯಾಪಾರಿಗೆ ಕೊಡುವುದೆಂದೂ ಹೇಳಿದ್ದರು.

ಮಾರ್ಚ್ ತಿಂಗಳು, ಊರಿನ ಗೋಡೆಗಳೆಲ್ಲ ಬೆವರುವ ಕಾಲ. ಸಮುದ್ರದ ಮಂಜು ಬೀದಿಯನ್ನು ನುಂಗಿತ್ತು. ಟಿಮ್ ಗೊಜ್ಜಿನ ಡಬ್ಬಿ ಹಿಡಿದು ಹಿಂದಿರುಗಿದಾಗ ಕಾವಲಿನ ಚೌ ಮಾಮನ ಸ್ಟೂಲು ಖಾಲಿ ಇತ್ತು. ಅವರು ಚಹಾ ಕುಡಿಯಲು ಹೋಗಿದ್ದರು. ಇದ್ದದ್ದು ಒಂದೇ ಲಿಫ್ಟು. ಅದರ ತಗಡಿನ ಮೇಲೂ ನೀರು ಹನಿಯುತ್ತಿತ್ತು. ಟಿಮ್ ಹದಿನೈದನ್ನು ಒತ್ತಿದ. ಬಾಗಿಲ ಮೇಲೆ ಹತ್ತು, ಹನ್ನೊಂದು, ಹನ್ನೆರಡು ಒಂದೊಂದಾಗಿ ಬೆಳಗಿದವು. ಇನ್ನು ಹದಿನೈದು ಬರಬೇಕು. ಬರಲಿಲ್ಲ. ಲಿಫ್ಟು ಒಂದು ತೇಗು ತೇಗಿ ನಿಂತಿತು. ದೀಪ ಆರಿತು.

ಜೇಬಿನಲ್ಲಿ ಫೋನಿಟ್ಟುಕೊಂಡು ತಿರುಗುವ ಕಾಲ ಇನ್ನೂ ಬಂದಿರಲಿಲ್ಲ. ಟಿಮ್ ಕತ್ತಲಲ್ಲಿ ತಡವರಿಸಿ ಗಂಟೆಯ ಗುಂಡಿ ಒತ್ತಿದ. ಒತ್ತಿ ಒತ್ತಿ ಬೆರಳು ಸೋತ ಮೇಲೆ ಗೋಡೆಯ ತೂತಿನಿಂದ ಚೌ ಮಾಮನ ದನಿ ಗೊರಗೊರ ಎಂದಿತು.

"ಯಾರು? ಎಷ್ಟನೇ ಮಹಡಿ?"

"ಹನ್ನೆರಡು ದಾಟಿದೆ, ಹದಿನೈದು ಬಂದಿಲ್ಲ. ನಡುವೆ ಇದೀನಿ ಮಾಮ!"

"ನಡುವೆ ಏನೂ ಇಲ್ವಲ್ಲ."

"ಇದೆ ಮಾಮ, ನಾನೇ ಇದೀನಲ್ಲ!"

ಚೌ ಮಾಮ ತಗ್ಗಿದ ದನಿಯಲ್ಲಿ, "ನೋಡಪ್ಪ, ಇಪ್ಪತ್ತು ವರ್ಷದಿಂದ ಈ ಕಟ್ಟಡ ಕಾಯ್ತಿದೀನಿ. ಅಲ್ಲಿಂದ ಯಾರೂ ಗಂಟೆ ಹೊಡೆದಿಲ್ಲ. ನಾನು ಮಕ್ಕಳೊಂದಿಗ. ನನ್ನ ಪಾಡಿಗೆ ನನ್ನ ಬಿಟ್ಬಿಡು" ಎಂದರು. ಟಿಮ್ ಹೆಸರು ಹೇಳುವಷ್ಟರಲ್ಲಿ ಅವರು ಗಂಟೆಯ ತಂತಿಯನ್ನೇ ಕಿತ್ತುಹಾಕಿದ್ದರು.

ಟಿಮ್ ಬಾಗಿಲು ಬಡಿದ. ಕೂಗಿದ. ಮೊದಲೇ ಥಂಡಿ ಹಿಡಿದಿದ್ದ ಗಂಟಲು ಹತ್ತು ನಿಮಿಷದಲ್ಲಿ ಒಡೆದ ತಮಟೆಯಂತಾಯಿತು. ಕೊನೆಗೆ ಕಾಲಡಿಯಿಂದ ಚಪ್ಪಲಿ ಎಳೆಯುವ ಸದ್ದು ಕೇಳಿತು. ಹನ್ನೆರಡನೇ ಮಹಡಿಯ ಫೋಂಗ್ ಚಿಕ್ಕಮ್ಮ! ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ವಾಸನೆ ಹಿಡಿಯುವವರು.

"ಯಾರದು, ಮೇಲೆ?"

"ನಾನು ಚಿಕ್ಕಮ್ಮ, ಟಿಮ್!"

"ಸುಳ್ಳು ಹೇಳ್ಬೇಡ. ಟಿಮ್ ಮನೇಲಿ ರೇಡಿಯೋ ಕೇಳ್ತಿದಾನೆ, ಇಲ್ಲೀತನಕ ಕೇಳಿಸ್ತಿದೆ. ಗೊತ್ತಿರೋರ ಹೆಸರು ಹೇಳ್ಕೊಂಡು ಕರೆಯೋದು ನಿಮ್ಮೋರ ಹಳೇ ಬುದ್ಧಿ."

"ನಮ್ಮೋರ? ಚಿಕ್ಕಮ್ಮ, ನಾನಿಲ್ಲಿ ಸಿಕ್ಕಾಕ್ಕೊಂಡಿದೀನಿ!"

"ಎಷ್ಟು ಕಾಲದಿಂದ ಸಿಕ್ಕಾಕ್ಕೊಂಡಿದೀಯಪ್ಪ?"

"ಅಯ್ಯೋ, ಯುಗ ಆದ ಹಾಗಾಗಿದೆ!"

ಕೆಳಗೆ ಯಾರೋ ಉಸಿರೆಳೆದುಕೊಂಡರು. ಒಂದೊಂದೇ ಬಾಗಿಲು ತೆರೆದ ಸದ್ದು, ಗುಸುಗುಸು, ಅಳುವ ಕೂಸಿನ ಬಾಯಿ ಮುಚ್ಚಿದ ಸದ್ದು. ಊದುಕಡ್ಡಿಯ ಹೊಗೆ ಲಿಫ್ಟಿನ ಬಾವಿಯೊಳಗೆ ಏರಿ ಬಂತು. ಟಿಮ್ ಖೊಕ್ ಖೊಕ್ ಎಂದು ಕೆಮ್ಮಿದ.

"ಧೂಪ ತಗೊಂಡ, ತಗೊಂಡ!" ಎಂದರು ಕೆಳಗಿನವರು ಸಮಾಧಾನದಿಂದ.

"ಅನ್ನ ಇಟ್ಟಿದೀವಿ, ಬೇಯಿಸಿದ ಮೊಟ್ಟೆ ಇಟ್ಟಿದೀವಿ. ತಿಂದು ಹೋಗ್ಬಿಡು ಮಗ. ಇನ್ನೂ ಏನು ಬೇಕು ನಿಂಗೆ?" ಎಂದರು ಫೋಂಗ್ ಚಿಕ್ಕಮ್ಮ.

ಟಿಮ್‌ಗೆ ಅಳು ಬಂತು. ಹನ್ನೊಂದು ಹೊಡೆದಿರಬೇಕು. "ನಂಗೆ ಮದುವೆ ಆಗ್ಬೇಕು! ಇವತ್ತೇ ನಿಶ್ಚಯ ಆಗ್ಬೇಕು! ಇವತ್ತು ತಪ್ಪಿದ್ರೆ ಇನ್ನಿಲ್ಲ!"

ಹೇಳಬಾರದ ಮಾತನ್ನೇ ಅವನು ಹೇಳಿದ್ದ. ಮದುವೆಯಾಗದೆ ಸತ್ತವನಿಗೆ ಶಾಂತಿಯಿಲ್ಲ, ಅವನಿಗೊಂದು ಹೆಣ್ಣು ತಂದು ಕಾಗದದ ಮದುವೆ ಮಾಡಿದರೇ ಅವನು ಬದುಕಿದವರನ್ನು ಬಿಡುವುದು ಎಂಬುದು ಆ ಊರಿನ ಕೂಸಿಗೂ ಗೊತ್ತು. "ಬ್ರಹ್ಮಚಾರಿ ಪಾಪ" ಎಂದು ಯಾರೋ ಮೂಗು ಸೀಟಿದರು.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಏದುಸಿರಿನೊಂದಿಗೆ ಇನ್ನೊಂದು ದನಿ ಬಂತು. "ಲಿಫ್ಟು ಕೆಟ್ಟಿದೆ ಅಂತ ಕಾವಲಿನವನು ನನ್ನ ಹತ್ತಿಸ್ಬಿಟ್ಟ. ರಿಪೇರಿಯವನು ಬರ್ತಾನಂತೆ. ಇದೇನಮ್ಮ, ಇಲ್ಲಿ ಊದುಕಡ್ಡಿ?"

ಲೂಯಿ ಅಮ್ಮ! ಟಿಮ್‌ಗೆ ಹೋದ ಜೀವ ಬಂದ ಹಾಗಾಯಿತು. ಬಾಗಿಲ ಸಂದಿಗೆ ಬಾಯಿ ಹಚ್ಚಿ, ಉಳಿದಿದ್ದ ಗಂಟಲನ್ನೆಲ್ಲ ಸೇರಿಸಿ ಕೂಗಿದ. "ಅತ್ತೇ! ನಾನು ಅತ್ತೇ, ನಿಮ್ಮ ಅಳಿಯ! ನಿಮ್ಮ ಮಗಳನ್ನ ನಂಗೆ ಕೊಡ್ತೀನಿ ಅಂತ ಒಂದು ಮಾತು ಹೇಳ್ಬಿಡಿ!"

ಕೆಳಗೆ ಲೂಯಿ ಅಮ್ಮನ ಚೀತ್ಕಾರ ಎದ್ದಿತು. "ನನ್ನ ಅತ್ತೆ ಅಂತಿದೆ! ಅಮ್ಮಾ, ನಂಗೆ ಮಗಳಿದಾಳೆ ಅಂತ ಇದಕ್ಕೆ ಹೆಂಗೆ ಗೊತ್ತಾಯ್ತು?"

ಆಮೇಲೆ ಟಿಮ್ ಎಷ್ಟು ಕೂಗಿದರೂ ಗಂಟಲಿನಿಂದ ಗಾಳಿಯಷ್ಟೇ ಹೊರಟಿತು. ಕೆಳಗೆ ಜನ ದೂರ ಸರಿದು ಪಿಸುಮಾತಾಡುತ್ತಿದ್ದರು. ಕಾಗದ ಸುಡುವ ವಾಸನೆ ಬಂತು. ಅವನು ಗೊಜ್ಜಿನ ಡಬ್ಬಿ ತಬ್ಬಿಕೊಂಡು ಮೂಲೆಯಲ್ಲಿ ಕುಸಿದು ಕೂತ. ಬೆನ್ನ ಹಿಂದಿನ ತಗಡು ಹಸಿಮೈಯಂತೆ ತಣ್ಣಗಿತ್ತು. ಬಾಗಿಲಿಲ್ಲದ ಆ ಹಿಂಬದಿಯಿಂದ ಒಂದು ಸಣ್ಣ ಗುನುಗು ಕೇಳಿತು, ಯಾರೋ ಗೋಡೆಗೆ ತುಟಿ ಹಚ್ಚಿ ನಿಧಾನವಾಗಿ ಮಾತಾಡಿದಂತೆ. ನೀರಿನ ಕೊಳವೆ ಇರಬೇಕೆಂದುಕೊಂಡ. ಕೊಳವೆ ಮೂರು ಸಲ ಗುನುಗಿ ಸುಮ್ಮನಾಯಿತು. ಟಿಮ್ ಮೈಯ ರೋಮ ಮಾತ್ರ ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ರಿಪೇರಿಯವನು ಬಂದು, ಲಿಫ್ಟಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ, ಅದನ್ನು ಇಳಿಸಿ ಹನ್ನೆರಡರಲ್ಲಿ ಬಾಗಿಲು ತೆರೆದ. ಹೊಗೆಯ ನಡುವಿನಿಂದ ಟಿಮ್ ಹೊರಬಿದ್ದ. ಮುಖವೆಲ್ಲ ಮಸಿ, ಕೈಯಲ್ಲಿ ಡಬ್ಬಿ. ಎದುರಿಗೆ ಕೆಂಪು ಮೊಂಬತ್ತಿಗಳು, ಬೂದಿ ತುಂಬಿದ ಬಿಸ್ಕತ್ತಿನ ತಗಡಿನ ಡಬ್ಬ, ಅದರ ಸುತ್ತ ಒಂದೂವರೆ ಡಜನ್ ನೆರೆಹೊರೆ. ಲೂಯಿ ಅಮ್ಮ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಲ್ಲಿ ಹೋಗಿದ್ಯೋ ಟಿಮ್? ಎಲ್ಲ ಮುಗಿದ ಮೇಲೆ ಬಂದ್ಯಲ್ಲ" ಎಂದರು ಫೋಂಗ್ ಚಿಕ್ಕಮ್ಮ. "ಮದುವೆ ಮಾಡಿಬಿಟ್ವಿ. ಈ ತಾಯಿ ದೊಡ್ಡ ಮನಸ್ಸಿನೋರು, ಮಗಳ ಹೆಸರು ಬರೆದು ಸುಟ್ಟು ಧಾರೆ ಎರೆದ್ರು."

"ಯಾರಿಗೆ?"

"ಒಳಗಿರೋನಿಗೆ."

"ಒಳಗಿದ್ದೋನು ನಾನೇ!" ದನಿ ಸರಿಯಾಗಿ ಹೊರಡದಿದ್ದರೂ ಟಿಮ್ ಅದನ್ನು ನಾಲ್ಕಾರು ಸಲ ಹೇಳಿದ. ರಿಪೇರಿಯವನು ಹೊಟ್ಟೆ ಹಿಡಿದು ನಕ್ಕ. "ಹೌದು ಚಿಕ್ಕಮ್ಮ, ಇವ್ರೇ ಇದ್ದಿದ್ದು. ಬದುಕಿರೋ ಮನುಷ್ಯಂಗೆ ಮೊಟ್ಟೆ ಇಟ್ಟಿದೀರಲ್ಲ!" ನೆರೆಹೊರೆಯವರು ಪೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಮೆಲ್ಲಗೆ ಮೊಟ್ಟೆಯ ತಟ್ಟೆಯನ್ನು ಹಿಂದಕ್ಕೆ ಸರಿಸಿದರು. ಟಿಮ್ ಎದೆಯಲ್ಲಿ ಸಂತೋಷ ಉಕ್ಕಿತು. ಗಾಳಿಗೆ ಗುದ್ದಾಡಿದರೂ ಹಣ್ಣು ತನ್ನ ಮಡಿಲಿಗೇ ಬಿದ್ದಿದೆಯಲ್ಲ! ಮಾತು ಕೊಟ್ಟಾಗಿದೆ, ಅದೂ ಸಾಕ್ಷಿಗಳ ಮುಂದೆ.

"ಹಾಗಾದ್ರೆ ಆ ಅಳಿಯ ನಾನೇ ತಾನೇ ಅತ್ತೆ?"

ಲೂಯಿ ಅಮ್ಮ ನಗಲಿಲ್ಲ. ಎದ್ದು ಹತ್ತಿರ ಬಂದು ಅವನ ಕಣ್ಣನ್ನೇ ನೋಡಿದರು. "ನೀನೇ ಆದ್ರೆ ನಂಗಿಂತ ಸಂತೋಷ ಯಾರಿಗೂ ಇಲ್ಲ ಮಗ. ಕೊನೇಲಿ ನನ್ನ ಮಗಳ ಹೆಸರು ಹಿಡಿದು ಮೂರು ಸಲ ಕರೆದ್ಯಲ್ಲ. ಅದನ್ನ ಕೇಳಿದ ಮೇಲೇ ನಾನು ಒಪ್ಪಿದ್ದು. ಯಾವ ಹೆಸರು ಕರೆದೆ, ಹೇಳು."

"ಯುಕ್-ಲಾನ್."

ಲೂಯಿ ಅಮ್ಮ ತೆರೆದ ಲಿಫ್ಟಿನ ಕಡೆ ತಿರುಗಿದರು. "ಅಲ್ಲ. ಅವಳು ಹುಟ್ಟಿದಾಗ ನಮ್ಮತ್ತೆ ಬೇರೆ ಹೆಸರಿಟ್ಟಿದ್ರು. ಮೂರು ತಿಂಗಳಿಗೇ ಜ್ವರ ಬಂದು ಮಗು ಹೋಗೋ ಹಾಗಾಯ್ತು. ಕರೆಯೋಕೆ ಬಂದೋರಿಗೆ ಗುರುತು ಸಿಗಬಾರ್ದು ಅಂತ ಹೆಸರು ಬದಲಾಯಿಸಿದ್ವಿ. ಮೂವತ್ತೊಂದು ವರ್ಷದಿಂದ ಆ ಹೆಸರನ್ನ ಯಾರೂ ಬಾಯಲ್ಲಿ ಆಡಿಲ್ಲ. ಅವಳಿಗೂ ಹೇಳಿಲ್ಲ."

ರಿಪೇರಿಯವನ ನಗು ನಿಂತಿತು. ತೆರೆದ ಬಾಗಿಲಿನಿಂದ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನಾವೆಲ್ಲ ಕೇಳಿದ್ವಿ ಕಣೋ" ಎಂದರು ಫೋಂಗ್ ಚಿಕ್ಕಮ್ಮ ಪಿಸುದನಿಯಲ್ಲಿ. "ಎಷ್ಟು ಮುದ್ದಾಗಿ ಕರೆದ!"

"ಆದ್ರೆ ಅತ್ತೆ, ಕಾಗದದ ಮದುವೆ ತಾನೆ..."

"ಕೊಟ್ಟದ್ದು ಕೊಟ್ಟದ್ದೇ. ಅಲ್ಲಿಂದ ಕಿತ್ತು ನಿಂಗೆ ಕೊಟ್ರೆ ಅವನು ಅವಳನ್ನ ಸುಮ್ಮನೆ ಬಿಡ್ತಾನಾ? ಹೀಗಾದ್ರೆ ಅವಳ ಜೀವ ಆದ್ರೂ ಉಳಿಯುತ್ತೆ." ಲೂಯಿ ಅಮ್ಮ ಕೋಟಿನ ತೋಳಿನಲ್ಲಿ ಮತ್ತೆ ಕಣ್ಣೊರೆಸಿಕೊಂಡು, ಟಿಮ್‌ನ ಹೆಗಲು ತಟ್ಟಿದರು. "ನೀನೂ ಒಳ್ಳೆ ಹುಡುಗನೇ. ಏನ್ಮಾಡೋದು, ಋಣ ಇಲ್ಲ. ನೀನು ಇರೋದು ಹದಿನೈದರಲ್ಲಿ ಅಲ್ವಾ? ಅಂದ್ರೆ ನಮ್ಮಳಿಯನ ತಲೆ ಮೇಲೇ. ಸ್ವಲ್ಪ ಮೆತ್ತಗೆ ಓಡಾಡಪ್ಪ."

ಟಿಮ್ ಮೆಟ್ಟಿಲು ಹತ್ತಿ ಮೇಲೆ ಹೋದ. ಮನೆಯೊಳಗೆ ರೇಡಿಯೋ ಇನ್ನೂ ಹಾಡುತ್ತಿತ್ತು. ಹೊಸ್ತಿಲಲ್ಲೇ ನಿಂತು ಎರಡೂ ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡ; ಆಮೇಲೆ, ತುದಿಗಾಲಲ್ಲಿ, ಒಳಗೆ ಹೋದ.